ಬಾಯಿ ತುಂಬ ಮೊಳೆ

ನಮ್ಮ ಬೀದಿಯ ಸೋಫಾ ರಿಪೇರಿ ಮೇಸ್ತ್ರಿಗೆ ‘ಮೌನಿ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರನ್ನು ಹುಡುಕಿ ತಂದು ಹಾರ ಹಾಕಬೇಕು. ಆಮೇಲೆ ಅದೇ ವೇದಿಕೆಯ ಮೇಲೆ ನಿಲ್ಲಿಸಿ ಇಡೀ ಬೀದಿಯ ಕ್ಷಮೆ ಕೇಳಿಸಬೇಕು.

ಮೌನಿಯ ಅಂಗಡಿ ದಂತವೈದ್ಯರ ದವಾಖಾನೆಯ ಕೆಳಗಿತ್ತು. ಒಳಗೆ ಕಾಲು ಮೇಲೆ ಮಾಡಿಕೊಂಡು ಬಿದ್ದ ಸೋಫಾಗಳು, ಯುದ್ಧಭೂಮಿಯಲ್ಲಿ ಸತ್ತ ಆನೆಗಳ ಹಾಗೆ ಹೊಟ್ಟೆ ಬಿರಿದು, ಸ್ಪಂಜು ಸ್ಪ್ರಿಂಗು ಹೊರಚೆಲ್ಲಿ ಮಲಗಿರುತ್ತಿದ್ದವು. ಅವುಗಳ ನಡುವೆ ಮೌನಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಬೆಳಿಗ್ಗೆ ಶಟರ್ ಎತ್ತಿದವನೇ ಡಬ್ಬಿಯಿಂದ ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಸುರಿದುಕೊಳ್ಳುತ್ತಿದ್ದ. ನಾಲಿಗೆ ಒಂದೊಂದೇ ಮೊಳೆಯನ್ನು ಸರಿಯಾಗಿ ತಿರುಗಿಸಿ ತುಟಿಯ ನಡುವೆ ತಂದು ನಿಲ್ಲಿಸಬೇಕು, ಎಡಗೈ ಅದನ್ನು ತೆಗೆದು ರೆಕ್ಸಿನ್ ಮೇಲೆ ಇಡಬೇಕು, ಬಲಗೈಯ ಸುತ್ತಿಗೆ ಟಕ್ ಎನ್ನಬೇಕು. ನಾಲಿಗೆ, ಕೈ, ಟಕ್. ಬಾಯಿ ಖಾಲಿಯಾಯಿತೋ, ಇನ್ನೊಂದು ಹಿಡಿ. ಈ ಪದ್ಧತಿಯಲ್ಲಿ ಒಂದು ಆಯುಷ್ಯದ ಅರ್ಧಭಾಗ ಕಳೆದಿತ್ತು.

ಗಿರಾಕಿಗಳು ಬಂದು ಎದುರಿನ ಸ್ಟೂಲಿನ ಮೇಲೆ ಕೂತು ಸೋಫಾದ ಕಷ್ಟ ಹೇಳುತ್ತಿದ್ದರು. ಸೋಫಾದಿಂದ ಶುರುವಾದದ್ದು ಸೊಸೆಗೆ ಹೋಗುತ್ತಿತ್ತು, ಸೊಸೆಯಿಂದ ಮಂಡಿ ನೋವಿಗೆ. ಮೌನಿ ತಲೆ ಆಡಿಸುತ್ತಿದ್ದ, ಟಕ್. ‘ಎಷ್ಟು ಸಮಾಧಾನದ ಮನುಷ್ಯ! ಒಂದು ಮಾತು ಆಡಲ್ಲ, ಎಲ್ಲ ಅರ್ಥ ಮಾಡ್ಕೋತಾನೆ’ ಎಂದು ಅವರು ಹಗುರಾಗಿ ಎದ್ದು ಹೋಗುತ್ತಿದ್ದರು. ಮೇಲಿನ ದಂತವೈದ್ಯರು ಮಾತ್ರ ಮೆಟ್ಟಿಲಿಳಿಯುವಾಗೆಲ್ಲ ಆ ಬಾಯಿಯನ್ನು ಬಹಳ ಆಸೆಯಿಂದ ನೋಡುತ್ತಿದ್ದರು. ಅದು ಬೇರೆ ವಿಷಯ.

ನಿಜ ಗೊತ್ತಿದ್ದದ್ದು ಮೇಸ್ತ್ರಿಯ ಹೆಂಡತಿ ಒಬ್ಬಳಿಗೆ. ಆತ ಮೌನಿಯಾಗಿರಲಿಲ್ಲ. ಬಾಯಿ ಖಾಲಿ ಇರಲಿಲ್ಲ, ಅಷ್ಟೇ.

ವಾರದ ರಜೆ ಬಂತೆಂದರೆ ಆ ಮನೆಯಲ್ಲಿ ಆಕಾಶ ಕೆಳಗಿಳಿಯುತ್ತಿತ್ತು. ಮೌನಿ ತೊಟ್ಟಿಕ್ಕುವ ನಲ್ಲಿಯ ಜೊತೆ ಜಗಳಕ್ಕೆ ಬೀಳುತ್ತಿದ್ದ. ಪತ್ರಿಕೆಗೆ ಬೈಯುತ್ತಿದ್ದ, ಮೊದಲು ಸುದ್ದಿಗೆ, ಆಮೇಲೆ ಅದನ್ನು ಮಡಚಿದ ರೀತಿಗೆ. ಮಧ್ಯಾಹ್ನದ ಹೊತ್ತಿಗೆ ಬೈಯಲು ಏನೂ ಉಳಿಯದೆ ಬಟ್ಟೆ ಒಣಹಾಕುವ ತಂತಿಯ ನೆರಳು ಸೊಟ್ಟಗಿದೆಯೆಂದು ಹಾರಾಡುತ್ತಿದ್ದ. ಜಾಣೆಯಾದ ಆಕೆ ಒಂದು ಉಪಾಯ ಕಂಡುಕೊಂಡಿದ್ದಳು. ರಜೆಯ ಹಿಂದಿನ ದಿನ ಮನೆಯ ಸ್ಟೂಲನ್ನು ಕಾಲಿಂದ ಒದ್ದು ಮುರಿದಿಡುತ್ತಿದ್ದಳು. ಬೆಳಿಗ್ಗೆ ಅದನ್ನು ನೋಡಿ ಮೌನಿ ಮೊಳೆ ಬಾಯಿಗೆ ಹಾಕಿಕೊಂಡರೆ ಆ ಮನೆಯಲ್ಲಿ ಶಾಂತಿ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ, ಬೀದಿಯ ಕೊನೆಯ ಹಳೆ ಟಾಕೀಸಿನ ಮ್ಯಾನೇಜರ್ ಬಂದರು.

ಟಾಕೀಸು ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಈಗ ಬಣ್ಣ ಬಳಿದು ಮತ್ತೆ ತೆರೆಯುವ ಸಂಭ್ರಮ. ಮ್ಯಾನೇಜರ್ ಬೆರಳಿಗೆ ಕೀಲಿಗೊಂಚಲು ಸುತ್ತುತ್ತ ಹೇಳಿದರು: “ನಮ್ಮ ಯಜಮಾನರು ಪ್ಲಾಸ್ಟಿಕ್ ಕುರ್ಚಿ ಹಾಕಿಸೋಣ ಅಂತಾರೆ. ನಾನೇ ಬೇಡ ಅಂದೆ. ಟಾಕೀಸು ಅಂದ್ರೆ ಮೆತ್ತಗೆ ಒಳಗೆ ಹೋಗೋ ಸೀಟಿರಬೇಕು. ಉದ್ಘಾಟನೆಗೆ ದಿನ ಗೊತ್ತಾಗಿದೆ. ಅಷ್ಟರಲ್ಲಿ ಹಾಲ್‌ನ ಎಲ್ಲಾ ಸೀಟೂ ನೀವೊಬ್ಬರೇ ಹೊಸದಾಗಿ ಮಾಡಿಕೊಡ್ತೀರಾ, ಮೇಸ್ತ್ರಿ?”

ಆಗದ ಮಾತು. ಆಗದ ಮಾತೆಂದು ಹೇಳಲು ಮೌನಿ ಬಾಯಲ್ಲಿದ್ದ ಮೊಳೆಗಳನ್ನು ಒಂದು ಕೆನ್ನೆಗೆ ಸರಿಸುತ್ತಿದ್ದಾಗಲೇ ಒಂದು ಮೊಳೆ ಒಸಡಿಗೆ ಚುಚ್ಚಿತು. ತಲೆ ಗಕ್ಕನೆ ಕೆಳಗೆ ಬಾಗಿತು.

“ಭೇಷ್! ಇಷ್ಟೇ ಬೇಕಾಗಿದ್ದು,” ಎಂದು ಮ್ಯಾನೇಜರ್ ಸುತ್ತಿಗೆ ಸಮೇತ ಅವನ ಕೈ ಕುಲುಕಿ ಹೊರಟೇಹೋದರು.

ಸಂಜೆ ಮೌನಿ ಬೈಯುವುದಕ್ಕೆಂದೇ ಟಾಕೀಸಿಗೆ ಹೋದ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಸಾಲು ಸಾಲು ಸೀಟುಗಳು, ಒಂದಕ್ಕೂ ಚರ್ಮವಿಲ್ಲ, ಪರದೆಯವರೆಗೆ ಇಳಿದು ಹೋಗಿದ್ದವು. ಮನೆಗೆ ಬಂದು ಹೆಂಡತಿಗೆ ಹೇಳಿದ: “ಇಷ್ಟು ವರ್ಷ ಒಂದೊಂದೇ ಸೋಫಾ. ಅದರ ಮೇಲೆ ಮೂರು ಜನ, ಜೊತೆಗೊಂದು ಬೆಕ್ಕು. ಒಂದೇ ಒಂದು ಸಲ ಕಣೇ, ಊರಿಗೆ ಊರೇ ನನ್ನ ಕೆಲಸದ ಮೇಲೆ ಕೂರೋದನ್ನ ನೋಡಬೇಕು.”

“ಊರು ಬೇಕಾದ್ರೆ ಕೂರತ್ತೆ,” ಎಂದಳು ಹೆಂಡತಿ. “ಮಾಡೋದಕ್ಕೆ ನಿಮಗಿರೋದು ಎರಡೇ ಕೈ. ಜನ ಇಟ್ಕೊಳ್ಳಿ.”

ಹೀಗೆ ಮೌನಿ ಜೀವನದಲ್ಲಿ ಮೊದಲ ಸಲ ಮಾಲೀಕನಾದ.

ಮೊದಲ ಕೆಲಸಗಾರ ಹೆಂಡತಿಯ ತಮ್ಮ. ಅವನು ಒಬ್ಬನಿಗೇ ಭಾಮೈದನಾಗಿದ್ದರೂ ಇಡೀ ಬೀದಿ ಅವನನ್ನು ‘ಭಾಮೈದ’ ಎಂದೇ ಕರೆಯುತ್ತಿತ್ತು. ನೀರು ಶುದ್ಧ ಮಾಡುವ ಯಂತ್ರ ಮಾರಿದ್ದ, ವಿಮೆ ಮಾಡಿಸಿದ್ದ, ಮದುವೆ ಮನೆಗಳಲ್ಲಿ ಮೈಕು ಹಿಡಿದಿದ್ದ. ‘ಆ ಕೆಲಸದಲ್ಲಿ ನಂಗೆ ಆಸಕ್ತಿ ಹೋಯ್ತು’ ಎನ್ನುತ್ತಿದ್ದ. ಸತ್ಯವೇನೆಂದರೆ, ಕೆಲಸಗಳಿಗೇ ಅವನಲ್ಲಿ ಆಸಕ್ತಿ ಹೋಗುತ್ತಿತ್ತು. ಆದರೆ ಮಾತು! ಅವನ ಮಾತಿಗೆ ಕಲ್ಲುಬೆಂಚೂ ಸ್ವಲ್ಪ ಸರಿದು ಜಾಗ ಕೊಡುತ್ತಿತ್ತು.

ಎರಡನೆಯವಳು ತಾನಾಗಿಯೇ ಬಂದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೂದಲು ನರೆಯುವವರೆಗೆ ದುಡಿದು ಬಿಟ್ಟುಬಂದ ಹೆಂಗಸು. ಹಳೆ ಬಟ್ಟೆಯಲ್ಲಿ ಸುತ್ತಿದ ತನ್ನದೇ ಕತ್ತರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರಿಂದ ಭಾಮೈದ ಅವಳಿಗೆ ಅಲ್ಲೇ ‘ಕತ್ತರಿಯಮ್ಮ’ ಎಂದು ಹೆಸರಿಟ್ಟ. ಮೌನಿ ಸೋಫಾದ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ಅವಳೇ ಸಂದರ್ಶನ ಶುರುಮಾಡಿದಳು.

“ನಿಮ್ಮ ಬಗ್ಗೆ ವಿಚಾರಿಸಿಕೊಂಡೇ ಬಂದಿದ್ದೀನಿ ಮೇಸ್ತ್ರಿ. ನೀವು ಮಾತೇ ಆಡಲ್ಲವಂತೆ.”

ಮೌನಿ ತಲೆ ಆಡಿಸಿದ.

“ಅದಕ್ಕೇ ಬಂದೆ. ಅಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ. ಸೂಜಿ ಮುರಿದ್ರೆ ಕೂಗೋನು, ಮುರೀದಿದ್ರೆ ಯಾಕೆ ನಿಧಾನ ಅಂತ ಕೂಗೋನು. ಬೈಸಿಕೊಂಡು ಬೈಸಿಕೊಂಡು ನನ್ನ ಕುತ್ತಿಗೆ ಭುಜದೊಳಗೆ ಇಳಿದುಹೋಗಿದೆ, ನೋಡಿ. ನಂದೊಂದೇ ಷರತ್ತು. ಯಾರಾದ್ರೂ ನನ್ನ ಮೇಲೆ ಗಂಟಲು ಏರಿಸಿದ್ರೆ ಈ ಕತ್ತರಿ ತಗೊಂಡು ಎದ್ದು ಹೋಗ್ತೀನಿ. ಒಪ್ಪಿಗೇನಾ?”

ಬಾಯಿ ತುಂಬ ಮೊಳೆ. ಮೌನಿ ತಲೆ ಆಡಿಸಿದ. ಅವಳು ಮಷೀನಿಗೆ ಎಣ್ಣೆ ಬಿಟ್ಟು ಕೂತೇಬಿಟ್ಟಳು.

ಇಲ್ಲಿಯವರೆಗೆ ಎಲ್ಲ ಸುಗಮ. ಹಾಳು ಮಾಡಿದ್ದು ಭಾಮೈದನ ಆಡಳಿತ ಜ್ಞಾನ.

“ಭಾವ, ನೀವಿನ್ನು ಮಾಲೀಕರು,” ಎಂದ. “ಮಾಲೀಕರು ಮೊಳೆ ಹೊಡೆದ್ರೆ ನೋಡಿದವರು ಏನಂತಾರೆ? ನೀವು ಮೇಲ್ವಿಚಾರಣೆ ಮಾಡಬೇಕು.” ಯಾರೋ ಗಿರಾಕಿ ರಿಪೇರಿಗೆ ಕೊಟ್ಟು ಮರೆತುಹೋದ ಕೈಕುರ್ಚಿಯೊಂದನ್ನು ಒರೆಸಿ ಅಂಗಡಿಯ ನಡುವೆ ಇಟ್ಟ. ಭಾವನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಆಮೇಲೆ, ಚರಿತ್ರೆಯಲ್ಲಿ ಬರೆದಿಡಬೇಕಾದ ಮೂರ್ಖತನ, ಅಂಗೈ ಒಡ್ಡಿ “ಹೂಂ, ಉಗೀರಿ,” ಎಂದ. ಮೌನಿ ಮೊಳೆಗಳನ್ನು ಅವನ ಅಂಗೈಗೆ ಉಗಿದು, ತುಟಿ ಒರೆಸಿಕೊಂಡು ಸಿಂಹಾಸನ ಏರಿದ.

ಬೀದಿಗೆ ತಿಳಿಯಲಿಲ್ಲ. ಅಣೆಕಟ್ಟಿನ ಬಾಗಿಲು ತೆಗೆದಾಗ ಕೆಳಗಿನ ಹೊಲದಲ್ಲಿ ಮೇಯುವ ಹಸುವಿಗೂ ಹೀಗೇ ತಿಳಿಯುವುದಿಲ್ಲ.

ಅರ್ಧ ಬೆಳಗು ಏನೂ ಆಗಲಿಲ್ಲ. ಮೌನಿಯ ದವಡೆ ಮಾತ್ರ ಅಭ್ಯಾಸಬಲದಿಂದ ಇಲ್ಲದ ಮೊಳೆಗಳನ್ನು ಹೊರಳಿಸುತ್ತಿತ್ತು. ಆಮೇಲೆ ಭಾಮೈದ ಬೆರಳು ಜಜ್ಜಿಕೊಂಡು, ಊದುತ್ತ, “ಭಾವ, ಈ ಸುತ್ತಿಗೆ ಎಲ್ಲ ಯಾವ ಕಾಲದ್ದು? ಈಗ ಪಿನ್ ಹೊಡೆಯೋ ಗನ್ನು ಬಂದಿದೆ. ಟಪ್ ಟಪ್ ಅಂದ್ರೆ ಮುಗೀತು,” ಎಂದ.

“ಗನ್ನಾ?” ಎಂದ ಮೌನಿ.

ಬೀದಿಯ ಎಷ್ಟೋ ಮಂದಿ ಆ ದನಿ ಕೇಳಿದ್ದು ಅದೇ ಮೊದಲು. ಆಮೇಲಿನದು ಮಾತಲ್ಲ, ಪ್ರವಾಹ.

“ಗನ್ನಂತೆ ಗನ್ನು! ಸೋಫಾ ಏನು ನಿನಗೆ ವೈರಿಯೇನೋ ಶೂಟ್ ಮಾಡೋದಕ್ಕೆ? ಸುತ್ತಿಗೆ ಹಿಡಿಯೋದು ನೋಡು, ಸತ್ತ ಹಲ್ಲಿಯ ಬಾಲ ಹಿಡಿದ ಹಾಗೆ! ಪಿನ್ನು ಹೊಡೆದ ಸೋಫಾ ಮಳೆಗಾಲ ಕಳೆಯೋದರೊಳಗೆ ಬಾಯಿ ಬಿಡತ್ತೆ, ನಿನ್ನ ಥರ! ನಿನ್ನ ಅಕ್ಕನ ಮದುವೇಲೂ ಹೀಗೇ ಮಾಡಿದೆ. ಕುರ್ಚಿ ಹಾಕೋ ಅಂದ್ರೆ ಮೈಕ್ ಹಿಡಿದು ನಿಂತೆ! ಗಂಡಿನ ಕಡೆಯವರೆಲ್ಲ ನಿಂತೇ ಊಟ ಮಾಡಿದ್ರು, ಬೇಕೂಫ!”

ಮದುವೆಯ ಆ ಸಿಟ್ಟು ಅಷ್ಟು ವರ್ಷ ಮೊಳೆಗಳ ಹಿಂದೆ ಕಾದು ಕೂತಿತ್ತು. ಒಂದು ಕೋಪವೂ ವ್ಯರ್ಥವಾಗಿರಲಿಲ್ಲ. ಎಲ್ಲ ಹೊಸ ಮೊಳೆಗಳಂತೆ, ತುಕ್ಕು ಹಿಡಿಯದೆ ಹೊರಬಂದವು. ಗದ್ದಲ ಕೇಳಿ ದಂತವೈದ್ಯರು ಮೆಟ್ಟಿಲಿಳಿದು ಬಂದು, “ಏನು ಮೇಸ್ತ್ರಿ, ಹಲ್ಲುನೋವೇ?” ಎಂದರು, ಬಹಳ ಭರವಸೆಯಿಂದ.

“ಬನ್ನಿ ಡಾಕ್ಟ್ರೇ, ನಿಮ್ಮನ್ನೇ ಕಾಯ್ತಿದ್ದೆ! ವರ್ಷ ವರ್ಷ ನಿಮ್ಮ ಬೆಂಚಿಗೆ ಹೊಸ ರೆಕ್ಸಿನ್ ಹಾಕ್ತೀನಿ. ವರ್ಷ ವರ್ಷ ಹರಿಯತ್ತೆ. ಯಾಕೆ ಗೊತ್ತಾ? ನಿಮ್ಮ ಕೊಠಡಿಯಿಂದ ಬರೋ ಕಿರುಚಾಟ ಕೇಳಿ ಕೂತವರೆಲ್ಲ ಹೆದರಿ ಉಗುರಲ್ಲಿ ಕಿತ್ತು ಹಾಕ್ತಾರೆ! ಬೆಂಚಿಗಲ್ಲ ರಿಪೇರಿ ಬೇಕಾಗಿರೋದು, ನಿಮ್ಮ ಕೈಗೆ!”

ದಂತವೈದ್ಯರು ಬಂದ ಮೆಟ್ಟಿಲಲ್ಲೇ ಹಿಂದೆ ಸರಿದರು. ಅಂದಿನಿಂದ ಮೌನಿಯ ಅಂಗಡಿಯ ಎದುರು ಜನ ಚಹಾ ಹಿಡಿದು ನಿಲ್ಲತೊಡಗಿದರು. ಸೊಸೆಯ ಕಷ್ಟ ಹೇಳಿಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಬಾಕಿ ಉತ್ತರ ಪಡೆದುಕೊಂಡರು. “ನಿಮ್ಮ ಸೊಸೆ ದೇವರಂಥವಳು! ಇಷ್ಟು ಮಾತಾಡೋರನ್ನ ಇನ್ನೂ ಮನೇಲಿ ಇಟ್ಕೊಂಡಿದ್ದಾಳೆ!” ಎಂದು ಒಬ್ಬ ಅಜ್ಜಿಗೆ ಅಂದ. ಮಾರನೇ ದಿನ ಆ ಸೊಸೆ ಬಂದು, ಏನೂ ಕೆಲಸವಿಲ್ಲದಿದ್ದರೂ, ಒಂದು ದಿಂಬು ಹೊಲಿಸಿಕೊಂಡು ಹೋದಳು.

ಕತ್ತರಿಯಮ್ಮನ ಮೇಲೆ ಮಾತ್ರ ಅವನು ಬಾಯಿ ಹಾಕಲಿಲ್ಲ. ಷರತ್ತು ನೆನಪಿತ್ತು. ಅವಳು ಮಷೀನು ಓಡಿಸಿದಷ್ಟೂ ಟಾಕೀಸಿನ ಸೀಟುಗಳು ಒಂದೊಂದಾಗಿ ಚರ್ಮ ಹೊದ್ದುಕೊಳ್ಳುತ್ತಿದ್ದದ್ದನ್ನು ಅವನೂ ನೋಡಿದ್ದ. ಅವಳಿಲ್ಲದೆ ಹಾಲ್ ತುಂಬುವುದಿಲ್ಲ. ಅದಕ್ಕೇ ಅವಳ ಹೊಲಿಗೆ ನೋಡಿ ಪಿತ್ತ ನೆತ್ತಿಗೇರಿದಾಗಲೆಲ್ಲ ಕುರ್ಚಿಯಿಂದ ಎದ್ದು, ಅವಳ ಪಕ್ಕದ ಗೋಡೆಯ ಎದುರು ನಿಂತು, ಗೋಡೆಗೆ ಬೈಯುತ್ತಿದ್ದ.

ಒಂದು ದಿನ ಅವಳು ತಲೆ ಎತ್ತದೆ ಹೇಳಿದಳು: “ಗೋಡೆಗೆ ಬೈದಿದ್ದು ನನಗೂ ಕೇಳಿಸತ್ತೆ ಮೇಸ್ತ್ರಿ. ಈ ಸಲ ಗೋಡೆ ಅಂತ ಬಿಟ್ಟಿದ್ದೀನಿ.”

ಉದ್ಘಾಟನೆ ಹತ್ತಿರ ಬಂತು. ಹಾಲ್ ಅರ್ಧ ಆಗಿತ್ತು. ಕೈ ಕಟ್ಟಿ ಕುರ್ಚಿಯಲ್ಲಿ ಕೂತವನ ಮೈ ದಿನದಿನಕ್ಕೂ ಕಾದ ಕಾವಲಿಯಂತಾಗುತ್ತಿತ್ತು. ಕೆಲಸ ಕಣ್ಣೆದುರೇ ಆಗುತ್ತಿದೆ, ತನ್ನ ಕೈಯಿಂದ ಆಗುತ್ತಿಲ್ಲ, ಆಗುವ ರೀತಿಯೂ ತನ್ನದಲ್ಲ. ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ? ಅಂಥ ಒಂದು ಮಧ್ಯಾಹ್ನ ಅವಳು ಹೊಲಿದು ಮುಗಿಸಿದ ಸೀಟಿನ ಕವರೊಂದನ್ನು ಬೆಳಕಿಗೆ ಹಿಡಿದು ನೋಡಿದ. ಹೊಲಿಗೆ ಒತ್ತೊತ್ತಾಗಿತ್ತು. ಗೋಡೆ ಮೂರೇ ಹೆಜ್ಜೆ ದೂರದಲ್ಲಿತ್ತು. ಅಲ್ಲಿಯವರೆಗೆ ಹೋಗಲು ಅವನಿಗಾಗಲಿಲ್ಲ.

“ಇದೇನು ಹೊಲಿಗೆನಾ? ಇದು ಅಂಗಿ ಅಲ್ಲಮ್ಮಾ, ರೆಕ್ಸಿನ್ನು! ಇಷ್ಟು ಒತ್ತಾಗಿ ತೂತು ಹೊಡೆದ್ರೆ ಅಂಚೆ ಚೀಟಿ ಹರಿದ ಹಾಗೆ ಹರಿಯತ್ತೆ! ಕಣ್ಣು ಎಲ್ಲಿಟ್ಟಿದ್ದೆ? ಯಾರನ್ನ ಕೇಳಿ ಹೊಲಿದೆ?”

ಮಷೀನು ನಿಂತಿತು. ಭಾಮೈದನ ಸುತ್ತಿಗೆ ಗಾಳಿಯಲ್ಲೇ ಉಳಿಯಿತು. ಹೊರಗೆ ಚಹಾ ಹಿಡಿದವರು ಹೀರುವುದನ್ನು ಮರೆತರು.

ಕತ್ತರಿಯಮ್ಮ ದಾರ ಕತ್ತರಿಸಿದಳು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿದಳು, ಯಾವ ಅವಸರವೂ ಇಲ್ಲದೆ. ಅವಳ ದನಿ ಏರಲೇ ಇಲ್ಲ. ಅದಕ್ಕೇ ಬೀದಿಯ ಆ ತುದಿಗೂ ಕೇಳಿಸಿತು.

“ಹೇಳಿದ್ರೆ ಬಿಚ್ಚಿ ಹೊಲೀತಿದ್ದೆ. ಬೈದ್ರಿ. ನನಗೆ ಬೈಯೋದಕ್ಕೆ ಅಂತಲೇ ಸಂಬಳ ತಗೊಳ್ಳೋನು ಒಬ್ಬನಿದ್ದ. ಅವನನ್ನೇ ಬಿಟ್ಟು ಬಂದೆ. ನೀವು ಪುಕ್ಕಟೆ ಬೈತೀರಿ. ಬರ್ತೀನಿ.”

ಹೋದಳು. ಅವಳ ಹಿಂದೆಯೇ ಭಾಮೈದನೂ ಸುತ್ತಿಗೆ ಕೆಳಗಿಟ್ಟ. “ಇದು ಕಾರ್ಮಿಕರ ಒಗ್ಗಟ್ಟಿನ ಪ್ರಶ್ನೆ, ಭಾವ,” ಎಂದು ಘೋಷಿಸಿ ಹೋಗಿ ಅಕ್ಕನ ಅಡುಗೆಮನೆಯಲ್ಲಿ ಅಡಗಿದ.

ವಿಧಿ ಕಾಯುವುದಿಲ್ಲ, ಅಷ್ಟರಲ್ಲೇ ಮ್ಯಾನೇಜರ್ ಬಂದರು. ನಿಂತ ಮಷೀನು ನೋಡಿದರು, ಒಂಟಿ ಮೌನಿಯನ್ನು ನೋಡಿದರು.

“ಮೇಸ್ತ್ರಿ, ಅರ್ಧ ಹಾಲ್ ಹಾಗೇ ಇದೆ. ಹೊಲಿಯೋರೆಲ್ಲಿ?”

“ಎದ್ದು ಹೋದ್ರು!”

“ಹಾಗಾದ್ರೆ ನಾನು ಯಜಮಾನರಿಗೆ ಏನಂತ ಹೇಳಲಿ? ಪ್ಲಾಸ್ಟಿಕ್‌ನವರು ಲಾರಿ ತುಂಬಿಕೊಂಡು ಕಾಯ್ತಿದ್ದಾರೆ.”

“ಪ್ಲಾಸ್ಟಿಕ್ಕಾ? ಸ್ನಾನದ ಮಗ್ಗು ಪ್ಲಾಸ್ಟಿಕ್ಕು, ಸೀಟೂ ಪ್ಲಾಸ್ಟಿಕ್ಕು! ಜನ ಸಿನಿಮಾ ನೋಡೋಕೆ ಬರ್ತಾರೋ ಸ್ನಾನಕ್ಕೆ ಬರ್ತಾರೋ?”

“ನಾಳೆ ಸಂಜೆಯೊಳಗೆ ಹೊಲಿಯೋರು ಈ ಮಷೀನ್ ಮುಂದೆ ಕೂತಿರಬೇಕು,” ಎಂದು ಮ್ಯಾನೇಜರ್ ಬಾಗಿಲಾಚೆ ನಿಂತು ಹೇಳಿದರು, ಸುರಕ್ಷಿತ ದೂರ ನೋಡಿಕೊಂಡು. “ಇಲ್ಲ ಅಂದ್ರೆ ಲಾರಿ ಒಳಗೆ ಬರತ್ತೆ. ನೀವು ಮಾಡಿದ ಸೀಟುಗಳನ್ನೂ ಕಿತ್ತು ಹಾಕ್ತಾರೆ. ಒಂದು ಹಾಲ್‌ಗೆ ಎರಡು ಥರ ಸೀಟು ಹಾಕೋಕಾಗಲ್ಲ.”

ಮನೆಯಲ್ಲಿ ಮೌನಿಗೆ ಕಾದಿದ್ದದ್ದು ಮೂರನೆಯ ಯುದ್ಧ. ತಮ್ಮ ಹಿತ್ತಾಳೆ ಕೊಳಗದ ಹಿಂದೆ ಕೂತು ಎಲ್ಲವನ್ನೂ ವರದಿ ಮಾಡಿದ್ದ. ಇಷ್ಟು ವರ್ಷ ಸ್ಟೂಲು ಒದ್ದೇ ಸಂಸಾರ ತೂಗಿಸಿದ ಹೆಂಗಸು ಅಂದು ಸ್ಟೂಲನ್ನು ಬಿಟ್ಟು ನೇರವಾಗಿ ಗಂಡನ ಕಡೆ ತಿರುಗಿದಳು.

“ಅಲ್ಲ ರೀ, ನಿಮ್ಮ ಬಾಯಿಗೆ ಹೆದರಿ ನಮ್ಮನೆ ನಲ್ಲಿ ಕೂಡ ತೊಟ್ಟಿಕ್ಕೋದು ನಿಲ್ಲಿಸಿದೆ! ಊರು ಕೂರಬೇಕು ಅಂದ್ರಿ. ಈಗ ಊರು ಎಲ್ಲಿ ಕೂರತ್ತೆ, ನಿಮ್ಮ ನಾಲಿಗೆ ಮೇಲಾ? ನಡೀರಿ, ಅವರ ಮನೆಗೆ. ಕ್ಷಮೆ ಕೇಳಿ.”

“ನಾನು ಹೇಳಿದ್ದು ತಪ್ಪಲ್ಲ. ಹೊಲಿಗೆ ಒತ್ತಾಗೇ ಇತ್ತು.”

“ನೀವು ಸರಿ ಇರೋವಾಗ ಇನ್ನೂ ಕೆಟ್ಟದಾಗಿರ್ತೀರಿ. ಬಾಯಿ ತೆಗೀರಿ!”

ಔಷಧಿ ಹಾಕುವವಳಂತೆ ಗಲ್ಲ ಹಿಡಿದು ಅವನ ಬಾಯಿಗೆ ಒಂದು ಹಿಡಿ ಮೊಳೆ ಸುರಿದಳು. “ಇವನು ಮಾತಾಡಲಿ,” ಎಂದು ತಮ್ಮನನ್ನು ಕೊಳಗದ ಹಿಂದಿನಿಂದ ಎಳೆದಳು. “ಜೀವನದಲ್ಲಿ ಒಂದು ಸಲ ಆ ಮಾತು ಉಪಯೋಗಕ್ಕೆ ಬರಲಿ.”

ಕತ್ತರಿಯಮ್ಮನ ಮನೆ ಒಂದೇ ಕೋಣೆ. ಕಿಟಕಿಯ ಬಳಿ ಮಷೀನು, ಗೋಡೆಗೆ ಒರಗಿ ಹಾಸಿಗೆ ಬಟ್ಟೆ ಹೊದಿಸಿದ ಹಳೆ ಸೋಫಾ. ಭಾಮೈದ ಹೊಸ್ತಿಲಲ್ಲೇ ಮದುವೆ ಮೈಕಿನ ದನಿ ತೆಗೆದ.

“ಅಮ್ಮಾ, ನಮ್ಮ ಭಾವನವರು ತುಂಬಾ ನೊಂದಿದ್ದಾರೆ. ಬೆಳಿಗ್ಗೆಯಿಂದ ಬಾಯಿಗೆ ಒಂದು ಅಗುಳೂ...”

“ಬಾಯಲ್ಲಿ ಏನದು?” ಎಂದಳು ಅವಳು.

“ಮೊಳೆ.”

“ಅಂದ್ರೆ, ಬೈದವರು ಬಾಯಿ ಮುಚ್ಚಿಕೊಂಡು ನಿಂತಿರೋದು. ಬೈಸಿಕೊಂಡವನು ಬಂದು ಕ್ಷಮೆ ಕೇಳೋದು. ಇದ್ಯಾವ ಕಂಪನಿ ಪದ್ಧತಿ? ಅವರೇ ಹೇಳಲಿ.”

ಮೌನಿ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಗಂಟಲು ಸರಿಮಾಡಿಕೊಂಡ. “ತಪ್ಪಾಯ್ತು,” ಎಂದ. ನಿಜವಾಗಿಯೂ ಹಾಗೆಂದ, ಭಾಮೈದ ಸಾಕ್ಷಿ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಕೂತುಕೊಳ್ಳಿ ಎಂದು ಅವಳು ಸೋಫಾದ ಕಡೆ ಕೈ ತೋರಿಸಿದಳು. ಮೌನಿ ಕೂತ. ಎಡಗಡೆ ಧಡಕ್ಕನೆ ಪಾತಾಳಕ್ಕೆ ಇಳಿದ.

“ತಪ್ಪಾಯ್ತು, ಆದ್ರೆ ಈ ಸ್ಪ್ರಿಂಗ್ ಕಟ್ಟಿದ ಅಯೋಗ್ಯ ಯಾರು?” ಎಂದು ಆ ಪಾತಾಳದಿಂದಲೇ ಅಬ್ಬರಿಸಿದ. “ಇದರ ಮೇಲೆ ಹೇಗೆ ಕೂರ್ತೀಯಮ್ಮ? ಸೊಂಟ ಇದೆಯೋ ಇಲ್ಲವೋ? ಹೀಗೆ ಕಟ್ಟಿದ ಕೈ ಸೇದಿಹೋಗಲಿ!”

ಭಾಮೈದ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಕತ್ತರಿಯಮ್ಮ ಬಾಗಿಲು ಪೂರ್ತಿ ತೆರೆದು, “ಹೊರಗೆ ನಡೀರಿ ಇಬ್ಬರೂ,” ಎಂದಳು.

ಮೌನಿಗೆ ಅದು ಕೇಳಿಸಲಿಲ್ಲ. ಆಗಲೇ ಸೋಫಾವನ್ನು ತಲೆಕೆಳಗು ಮಾಡಿದ್ದ. ಸೊಂಟದಲ್ಲಿ ಸುತ್ತಿಗೆ ಇತ್ತು. ಅಂಗೈಯಲ್ಲಿದ್ದ ಮೊಳೆ ಬಾಯಿಗೆ ಹೋಯಿತು. ಹರಿದ ಪಟ್ಟಿಯನ್ನು ಹಲ್ಲು ಬಿಗಿದು ಎಳೆದ. ನಾಲಿಗೆ, ಕೈ, ಟಕ್. ನಾಲಿಗೆ, ಕೈ, ಟಕ್. ಸ್ವಲ್ಪ ಹೊತ್ತಿನಲ್ಲಿ ಅವನ ಹಣೆಯ ಗಂಟು ಸಡಿಲಾಯಿತು, ಭುಜ ಇಳಿಯಿತು, ಉಸಿರು ಸಮವಾಯಿತು. ತಾನು ವಿಚಾರಿಸಿಕೊಂಡು ಬಂದಿದ್ದ ಆ ಮಾತಾಡದ ಮನುಷ್ಯ ತನ್ನದೇ ಮನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದನ್ನು ಕತ್ತರಿಯಮ್ಮ ತೆರೆದ ಬಾಗಿಲು ಹಿಡಿದುಕೊಂಡೇ ನೋಡಿದಳು.

“ಇವರ ಬಾಯಿ ಖಾಲಿ ಮಾಡಿಸಿದ್ದು ಯಾರು?” ಎಂದು ಭಾಮೈದನನ್ನು ಕೇಳಿದಳು.

“ನಾನೇ,” ಎಂದ ಅವನು. “ಮಾಲೀಕರು ಅಂತ...”

“ಮಾಲೀಕರಂತೆ.” ಬಾಗಿಲು ಮುಚ್ಚಿದಳು, ಒಳಗಿನಿಂದ. “ಮೇಸ್ತ್ರಿ, ಕೇಳಿಸ್ಕೊಳ್ಳಿ. ಆ ಒತ್ತು ಹೊಲಿಗೆ ಬಗ್ಗೆ ನೀವು ಹೇಳಿದ್ದು ಸರಿ. ಮನೆಗೆ ಬಂದು ಚೂರು ರೆಕ್ಸಿನ್ ಹಾಗೇ ಹೊಲಿದು ಎಳೆದು ನೋಡಿದೆ, ಹರೀತು. ಸರಿ ಅಂತಲೇ ನನಗೆ ಇನ್ನೂ ಜಾಸ್ತಿ ಸಿಟ್ಟು. ಬರ್ತೀನಿ, ಆದ್ರೆ ಇನ್ಮೇಲೆ ನಾನು ಹೇಳಿದ ಹಾಗೆ. ಶಟರ್ ಎತ್ತಿದಾಗಿಂದ ಇಳಿಸೋವರೆಗೆ ನಿಮ್ಮ ಬಾಯಲ್ಲಿ ಮೊಳೆ ಇರಬೇಕು, ಕೈಯಲ್ಲಿ ಸುತ್ತಿಗೆ ಇರಬೇಕು. ನನ್ನ ಹೊಲಿಗೆ ತಪ್ಪಾದ್ರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿ, ನಾನು ನೋಡ್ಕೋತೀನಿ. ಮಾತಾಡೋ ಕೆಲಸ ಎಲ್ಲಾ ಇವನಿಗೆ. ಮತ್ತೆ ಆ ಕುರ್ಚಿ ನನಗೆ ಬೇಕು. ಮಷೀನಿನ ಸ್ಟೂಲಲ್ಲಿ ಬೆನ್ನು ನೋಯತ್ತೆ. ಒಪ್ಪಿಗೇನಾ?”

ಮೌನಿ ತಲೆ ಆಡಿಸಿದ. ಈ ಸಲ ಯಾವ ಮೊಳೆಯೂ ಚುಚ್ಚಿರಲಿಲ್ಲ.

ಮಾರನೇ ದಿನ ಮ್ಯಾನೇಜರ್ ಬಂದಾಗ ಮಾಲೀಕ ನೆಲದ ಮೇಲಿದ್ದ, ಕೆಲಸದವಳು ಸಿಂಹಾಸನದಲ್ಲಿದ್ದಳು. ಭಾಮೈದ ಬಾಗಿಲಲ್ಲೇ ಅವರನ್ನು ತಡೆದು ಪ್ಲಾಸ್ಟಿಕ್ಕಿನ ಕೇಡುಗಳ ಬಗ್ಗೆ ಎಷ್ಟು ಮಾತಾಡಿದನೆಂದರೆ, ಲಾರಿ ಬಂದ ದಾರಿಗೆ ಹೋಯಿತು.

ಕೋಪ ಎಲ್ಲಿಗೂ ಹೋಗಲಿಲ್ಲವೆನ್ನಿ. ಸೀಮೆಸುಣ್ಣದಲ್ಲೂ ಕೂಗಲು ಬರುತ್ತದೆಂದು ಬೀದಿಗೆ ಆಗ ಗೊತ್ತಾಯಿತು. ಕವರುಗಳ ಮೇಲೆ ಮೌನಿ ಹಾಕಿದ ಗುರುತುಗಳು ಮೊದಲು ಗೆರೆಯಾಗಿದ್ದವು, ಆಮೇಲೆ ಅಡ್ಡಗೆರೆ, ಆಮೇಲೆ ಸೀಮೆಸುಣ್ಣವೇ ಮುರಿದು ಪುಡಿಯಾದ ಬಿಳಿ ಸ್ಫೋಟ. ಅವಳೂ ಬಿಡುವವಳಲ್ಲ. ಮೊಳೆ ಸೊಟ್ಟಗೆ ಬಿದ್ದ ಕಡೆಯೆಲ್ಲ ಅವಳದೊಂದು ಬಿಳಿ ಸುತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅದನ್ನು ನೋಡಿ ಮೌನಿ ಇನ್ನೊಂದು ಹಿಡಿ ಮೊಳೆ ಬಾಯಿಗೆ ತುರುಕುತ್ತಿದ್ದ. “ಭಾವನ ಕೆನ್ನೆ ಉಬ್ಬಿದೆ, ಯಾರೂ ಒಳಗೆ ಹೋಗಬೇಡಿ,” ಎಂದು ಭಾಮೈದ ಗಿರಾಕಿಗಳಿಗೆ ಹವಾಮಾನ ವರದಿ ಕೊಡುತ್ತಿದ್ದ. ಹೀಗೆ ಮೂವರೂ ಒಬ್ಬರ ಮೇಲೊಬ್ಬರು ಉರಿದುಕೊಳ್ಳುತ್ತ, ಒಮ್ಮೆಯೂ ದನಿ ಏರಿಸದೆ, ಹಾಲ್ ಮುಗಿಸಿದರು.

ಉದ್ಘಾಟನೆಯ ದಿನ ನಾಲ್ವರೂ ಹಿಂದಿನ ಸಾಲಿನಲ್ಲಿ ಕೂತರು: ಮೌನಿ, ಹೆಂಡತಿ, ಭಾಮೈದ, ಕತ್ತರಿಯಮ್ಮ. “ಸಿನಿಮಾಕ್ಕೆ ಹೋಗೋವಾಗಲೂ ಮೊಳೆ ಬೇಕಾ?” ಎಂದು ಹೆಂಡತಿ ಹೊಸ್ತಿಲಲ್ಲೇ ಅವನ ಜೇಬು ಖಾಲಿ ಮಾಡಿಸಿದ್ದಳು. ಜನ ತಳ್ಳಾಡುತ್ತ ಬಂದರು. ದಂತವೈದ್ಯರು ಬಂದರು, ಅಜ್ಜಿ ಬಂದಳು, ಎರಡು ಸಾಲು ದೂರದಲ್ಲಿ ಸೊಸೆಯೂ ಬಂದಳು. ಎಲ್ಲರೂ ಕೂತರು. ಹೊಸ ಸ್ಪಂಜು ಒಟ್ಟಿಗೇ ಗಾಳಿ ಬಿಟ್ಟಿತು. ಇಡೀ ಹಾಲ್ ‘ಉಸ್ಸ್’ ಎಂದಿತು.

ಮೌನಿ ಪರದೆ ನೋಡಲಿಲ್ಲ. ಸೀಟುಗಳ ಬೆನ್ನುಗಳನ್ನೇ ನೋಡುತ್ತಿದ್ದ, ಸಾಲಿನಿಂದ ಸಾಲಿಗೆ, ಕೆಳಗಿನವರೆಗೆ. ಹೆಂಡತಿ ಅವನ ಕಡೆ ತಿರುಗಿ ನೋಡಿ ಸೆರಗಿನ ತುದಿ ಚಾಚಿದಳು. ಅವನು ಕಣ್ಣೊರೆಸಿಕೊಂಡ.

ಆಗ ಎರಡು ಸಾಲು ಮುಂದೆ ಮಿರುಗುವ ಅಂಗಿಯವನೊಬ್ಬ ಕಾಲೆತ್ತಿ, ಬೂಟು ಸಮೇತ, ಎದುರಿನ ಸೀಟಿನ ಮೇಲೆ ಇಟ್ಟ. ಅಷ್ಟಕ್ಕೇ ಸುಮ್ಮನಿರದೆ ಜೇಬಿನಿಂದ ಬೈಕಿನ ಕೀಲಿ ತೆಗೆದು, ಬೇಜಾರು ಕಳೆಯಲೆಂಬಂತೆ, ಕೈಯೊರಗಿನ ಹೊಲಿಗೆಯ ಅಡಿಗೆ ತೂರಿಸಿ ಎಬ್ಬಿಸತೊಡಗಿದ.

ಮೌನಿಯ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಕೆನ್ನೆ ತಾನಾಗಿಯೇ ಉಬ್ಬಿತು, ಒಳಗೆ ಏನೂ ಇಲ್ಲದೆ. ದವಡೆ ಹೊರಳಿತು. ಹೆಂಡತಿ ಅವನ ಮೊಣಕೈ ಹಿಡಿದಳು. ಅವನು ಅವಳನ್ನು ದಾಟಿ, ಭಾಮೈದನನ್ನು ದಾಟಿ, ಸಾಲಿನ ತುದಿಯಲ್ಲಿದ್ದ ಕತ್ತರಿಯಮ್ಮನನ್ನು ನೋಡಿದ. ಅವಳ ಕಣ್ಣೂ ಆ ಕೀಲಿಯ ಮೇಲೇ ಇತ್ತು. ಒಂದು ಹೊಲಿಗೆ ಕಿತ್ತಿತು. ಇನ್ನೊಂದು.

“ಮೇಸ್ತ್ರಿ,” ಎಂದಳು ಅವಳು, “ಇವತ್ತು ಗಂಟಲು ಏರಿಸಿದ್ರೆ ನಾನು ಎದ್ದು ಹೋಗಲ್ಲ.”

ಮೌನಿ ಎದ್ದು ನಿಂತ.

“ಏಯ್ ಮಿರುಗು ಅಂಗಿ! ಕಾಲು ತೆಗಿ! ಅದು ಸೀಟು ಕಣೋ, ನಿಮ್ಮಪ್ಪನ ಹೊಸ್ತಿಲ ಕಾಲೊರಸು ಅಲ್ಲ! ಕೀಲಿ ಹಾಕಿ ಏನು ತೆಗೀತಿದ್ದೀಯ ಅಲ್ಲಿ, ಖಜಾನೆನಾ? ಒಳಗಿರೋದು ಸ್ಪಂಜು, ನಿನ್ನ ತಲೇಲಿ ಇರೋದೂ ಅದೇ! ಮನೇಲಿ ಅಮ್ಮ ಹೊಲಿದ ಅಂಗಿ ಗುಂಡಿಯನ್ನೂ ಹೀಗೇ ಕೀಳ್ತೀಯಾ? ಆ ಒಂದು ಹೊಲಿಗೆಗೆ ಬೆನ್ನು ಎಷ್ಟು ನೋಯತ್ತೆ ಗೊತ್ತೇನೋ ನಿನಗೆ? ಎರಡು ಸಲ ಬಿಚ್ಚಿ ಮೂರನೇ ಸಲ ಹೊಲಿದಿದ್ದು ಅದು! ಅದಕ್ಕಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೀನಿ ಕಣೋ! ನಾನು!”

ಪರದೆಯ ಮೇಲೆ ಯಾರೋ ಹಾಡುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಮಿರುಗು ಅಂಗಿಯವನು ಕಾಲು ಇಳಿಸಿ, ಕೀಲಿ ಜೇಬಿಗೆ ಹಾಕಿ, ಮತ್ತೆ ತೆಗೆದು, ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಮೌನಿ ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲಿ ಇನ್ನೊಂದು ದನಿ ಎದ್ದಿತು.

“ಕೂತ್ಕೊಳ್ಳಿ ಮೇಸ್ತ್ರಿ,” ಎಂದು ಕತ್ತರಿಯಮ್ಮ ಎದ್ದಳು. ಭುಜದೊಳಗೆ ಇಳಿದಿದ್ದ ಕುತ್ತಿಗೆ ಹೊರಗೆ ಬಂದು ನೆಟ್ಟಗಾಗಿತ್ತು. “ಈಗ ನನ್ನ ಸರದಿ.”

ಕಾರ್ಖಾನೆಯಲ್ಲಿ ಅಷ್ಟು ವರ್ಷ ಕೇಳಿದ್ದನ್ನೆಲ್ಲ ಅವಳು ಮರೆತಿರಲಿಲ್ಲ, ಪೂರ್ತಿ ಕಂಠಪಾಠವಾಗಿತ್ತು. ಮೌನಿ ಬಾಯಿ ತೆರೆದು ಕೇಳುತ್ತ ಕೂತ. ಅವನ ಬೈಗುಳಕ್ಕೆ ಬೆಚ್ಚಿದ್ದ ದಂತವೈದ್ಯರು ಅವಳದನ್ನು ಕೇಳಿ ಅಕ್ಕಪಕ್ಕದವರ ಕೈ ಹಿಡಿದುಕೊಂಡರು. ಹಾಲ್‌ನುದ್ದಕ್ಕೂ ಕಾಲುಗಳು ಒಂದೊಂದಾಗಿ ನೆಲಕ್ಕಿಳಿದವು. ಬಾಗಿಲ ಬಳಿ ಕೊನೆಯ ಸೀಟಿಗೆ ಒರಗಿ ಕೀಲಿಗೊಂಚಲು ಸುತ್ತುತ್ತಿದ್ದ ಮ್ಯಾನೇಜರ್ ಮೆಲ್ಲಗೆ ನೆಟ್ಟಗೆ ನಿಂತು, ತಾವು ಒರಗಿದ್ದ ಜಾಗವನ್ನು ಅಂಗಿಯ ತೋಳಿನಿಂದ ಒರೆಸಿದರು.